ಡಾಂಗಲ್ ಎಲ್ಲಿ ನಿಂತುಬಿಟ್ಟಿತು? ವೈಫೈ ಅಡಾಪ್ಟರ್‌ನ ಬೋರ್ಡ್ ನೋಡಿ ತೊಂದರೆ ಹುಡುಕೋದು

ಹೋದ ತಿಂಗಳು ಅಕ್ಕನ ಮಗ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ತಂದು ನನ್ನ ಟೇಬಲ್ ಮೇಲಿಟ್ಟ. "ಮಾಮ, ವೈಫೈ ಹೆಸರುಗಳೆಲ್ಲ ಕಾಣಿಸ್ತವೆ. ಪಾಸ್‌ವರ್ಡ್ ಹಾಕಿ ಕನೆಕ್ಟ್ ಒತ್ತಿದ ತಕ್ಷಣ ಡಾಂಗಲ್ಲೇ ಮಾಯ ಆಗುತ್ತೆ. ಎರಡು ಸೆಕೆಂಡ್ ಬಿಟ್ಟು ತಾನಾಗೇ ವಾಪಸ್ ಬರುತ್ತೆ" ಅಂದ. ಮೂರು ಸಲ ಡ್ರೈವರ್ ಹಾಕಿದ್ದನಂತೆ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದ್ದನಂತೆ. ಎರಡು ದಿನ ಅದಕ್ಕೇ ಹೋಗಿತ್ತು.

ಅವನು ಹೇಳಿದ ಆ ಮೂರು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಡಾಂಗಲ್ಲನ್ನು ಕಂಪ್ಯೂಟರ್ ಗುರುತಿಸಿದೆ ಅಂದರೆ ಒಳಗಿನ ಚಿಪ್ ಬದುಕಿದೆ. ಸುತ್ತಲಿನ ನೆಟ್‌ವರ್ಕ್ ಹೆಸರು ಕಾಣಿಸಿವೆ ಅಂದರೆ ರೇಡಿಯೋ ಕೇಳಿಸಿಕೊಳ್ಳುತ್ತಿದೆ, ಡ್ರೈವರ್ ಸರಿ ಇದೆ. ಜೋರಾಗಿ ಮಾತಾಡೋಕೆ ಹೊರಟಾಗ ಮಾತ್ರ ಕುಸಿಯುತ್ತಿದೆ. ವೈಫೈ ಡಾಂಗಲ್ ಅತಿ ಹೆಚ್ಚು ಕರೆಂಟ್ ಎಳೆಯೋದು ಮಾತಾಡುವಾಗಲೇ. ಹಾಗಾದರೆ ನೋಡಬೇಕಾದ್ದು ಸಾಫ್ಟ್‌ವೇರ್ ಅಲ್ಲ, ಕರೆಂಟ್ ಹರಿಯುವ ದಾರಿ.

ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಡಾಂಗಲ್ ಚುಚ್ಚಿದ ಕ್ಷಣದಿಂದ ಇಂಟರ್ನೆಟ್ ಬರುವ ತನಕ ಅದು ಒಂದು ದಾರಿ ನಡೆಯುತ್ತದೆ. ಮೊದಲು ಕರೆಂಟ್, ಆಮೇಲೆ ಗಡಿಯಾರ, ಆಮೇಲೆ ಕಂಪ್ಯೂಟರ್ ಜೊತೆ ಪರಿಚಯ, ಆಮೇಲೆ ಡ್ರೈವರ್, ಕೊನೆಗೆ ರೇಡಿಯೋ. ಒಂದೊಂದು ಹಂತಕ್ಕೂ ಬೋರ್ಡ್ ಮೇಲೆ ಒಂದು ಜಾಗ ಇದೆ. ಡಾಂಗಲ್ ಯಾವ ಹಂತದಲ್ಲಿ ನಿಂತಿತು ಅಂತ ಗೊತ್ತಾದರೆ ಬೋರ್ಡಿನ ಯಾವ ಮೂಲೆ ನೋಡಬೇಕು ಅಂತಲೂ ಗೊತ್ತಾಗುತ್ತದೆ.

ಬಿಚ್ಚುವ ಮೊದಲು

ಮೊದಲು ಬೇರೆ ಪೋರ್ಟಿನಲ್ಲಿ, ಆಮೇಲೆ ಬೇರೆ ಕಂಪ್ಯೂಟರಿನಲ್ಲಿ ಚುಚ್ಚಿ ನೋಡಿ. ಅಲ್ಲೂ ಅದೇ ತೊಂದರೆ ಇದ್ದರೆ ಮಾತ್ರ ಡಾಂಗಲ್ ಮೇಲೆ ಅನುಮಾನ ಪಡಿ.

ಇನ್ನೊಂದು ಪರೀಕ್ಷೆ ತುಂಬಾ ಜನ ಬಿಟ್ಟುಬಿಡುತ್ತಾರೆ. ಯುಎಸ್‌ಬಿ 3.0 ಪೋರ್ಟ್‌ಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳತೆ ಮಾಡಿ ಪ್ರಕಟಿಸಿದೆ. ಪಕ್ಕದ ನೀಲಿ ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ, ಚಿಕ್ಕ ಡಾಂಗಲ್ಲಿಗೆ ರೂಟರ್ ಮಾತು ಆ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಅರ್ಧ ಮೀಟರ್ ದೂರ ಇಡಿ. ಅಷ್ಟಕ್ಕೇ ಸರಿಹೋದರೆ ಬೋರ್ಡಿನಲ್ಲಿ ಏನೂ ಕೆಟ್ಟಿಲ್ಲ.

ಬಿಚ್ಚಲು ಸ್ಕ್ರೂಡ್ರೈವರ್ ತುದಿ ತೂರಿಸಬೇಡಿ. ಅದು ಜಾರಿದರೆ ನೇರ ಬೋರ್ಡಿನ ಅಂಚಿನ ಬಿಡಿಭಾಗಗಳಿಗೇ ತಗಲುತ್ತದೆ. ಹಳೇ ಎಟಿಎಂ ಕಾರ್ಡ್ ಮೂಲೆ ಸಾಕು. ಎರಡು ಪ್ಲಾಸ್ಟಿಕ್ ಚಿಪ್ಪುಗಳ ನಡುವಿನ ಗೆರೆಯಲ್ಲಿ ಅದನ್ನು ಇಟ್ಟು, ಮೆಲ್ಲಗೆ ತಿರುಗಿಸುತ್ತಾ ಹೋದರೆ ಕ್ಲಿಪ್‌ಗಳು ಟಕ್ ಟಕ್ ಅಂತ ಬಿಡುತ್ತವೆ. ಬೋರ್ಡ್ ಮುಟ್ಟುವ ಮೊದಲು ಕೈಯನ್ನು ಒಂದು ಸಲ ಗ್ರೌಂಡ್ ಆದ ಲೋಹಕ್ಕೆ ತಾಗಿಸಿ. ಮೈ ಮೇಲಿನ ಸ್ಥಾಯೀ ವಿದ್ಯುತ್ ಇಳಿದುಹೋಗಲಿ.

ಬೋರ್ಡ್ ಮೇಲೆ ಏನೇನಿದೆ

ಬೋರ್ಡ್ ಹೆಬ್ಬೆರಳಿನಷ್ಟೇ ಇರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನ್ ಕ್ಯಾಮೆರಾ ಝೂಮ್ ಮಾಡಿ. ಬೆಳಕು ಮೇಲಿಂದ ನೇರ ಬೀಳಬಾರದು, ಓರೆಯಾಗಿ ಬೀಳಬೇಕು. ಆಗ ಚಿಪ್ ಮೇಲಿನ ಅಕ್ಷರಗಳೂ ಬೆಸುಗೆಯ ಬಿರುಕುಗಳೂ ಎದ್ದು ಕಾಣುತ್ತವೆ.

ಒಂದು ತುದಿಯಲ್ಲಿ ಯುಎಸ್‌ಬಿ ಪ್ಲಗ್. ಅದರಲ್ಲಿ ನಾಲ್ಕು ಕಾಲು. ಹೊರಗಿನ ಎರಡು 5 ವೋಲ್ಟ್ ಮತ್ತು ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ). ನಡುವಿನ ಎರಡು ಡೇಟಾ, ಅವನ್ನು ಡಿ ಪ್ಲಸ್, ಡಿ ಮೈನಸ್ ಅನ್ನುತ್ತಾರೆ. ಪ್ಲಗ್ ಒಳಗೆ ಇಣುಕಿ ನೋಡಿ, ಹೊರಗಿನ ಎರಡು ಪಟ್ಟಿಗಳು ನಡುವಿನವಕ್ಕಿಂತ ಸ್ವಲ್ಪ ಉದ್ದ ಇವೆ ಅಲ್ವಾ? ಚುಚ್ಚುವಾಗ ಮೊದಲು ಕರೆಂಟ್ ಸಿಗಲಿ, ಆಮೇಲೆ ಡೇಟಾ ಸೇರಲಿ ಅಂತ ಹಾಗೆ ಮಾಡಿದ್ದಾರೆ. ಈ ನಾಲ್ಕರ ಜೊತೆ, ಪ್ಲಗ್ಗಿನ ಹೊರಗಿನ ಲೋಹದ ಕವಚಕ್ಕೆ ಎರಡು ದಪ್ಪ ಕಾಲುಗಳಿರುತ್ತವೆ. ಪ್ಲಗ್ ಅಲ್ಲಾಡದಂತೆ ಬೋರ್ಡಿಗೆ ಹಿಡಿದಿರುವುದು ಮುಖ್ಯವಾಗಿ ಆ ಎರಡೇ.

ಪ್ಲಗ್ ದಾಟಿದ ತಕ್ಷಣ 5 ವೋಲ್ಟ್ ದಾರಿಯಲ್ಲಿ ಒಂದು ಚಿಕ್ಕ ಫೆರೈಟ್ ಬೀಡ್ (ಗದ್ದಲ ತಡೆಯುವ ಪುಟ್ಟ ಭಾಗ) ಅಥವಾ ಫ್ಯೂಸ್ ಇರಬಹುದು. ಆಮೇಲೆ ರೆಗ್ಯುಲೇಟರ್. ಮೂರು ಅಥವಾ ಐದು ಕಾಲಿನ ಈ ಪುಟ್ಟ ಕಪ್ಪು ತುಂಡು 5 ವೋಲ್ಟನ್ನು 3.3 ವೋಲ್ಟಿಗೆ ಇಳಿಸುತ್ತದೆ. ಅದರ ಪಕ್ಕ ಬೂದು ಬಣ್ಣದ ಚೌಕ ಕಾಯಿಲ್ ಇದ್ದರೆ ಅದು ಸ್ವಿಚಿಂಗ್ ಬಗೆಯದು. ಕಾಯಿಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಸಾದಾ ಲೀನಿಯರ್.

ನಡುವೆ ಇರುವ ದೊಡ್ಡ ಚೌಕ ಚಿಪ್ಪೇ ಇದರ ಮಿದುಳು. ಅದರ ಪಕ್ಕ ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ, ಅದು ಕ್ರಿಸ್ಟಲ್, ಚಿಪ್ಪಿಗೆ ತಾಳ ಕೊಡುವ ಗಡಿಯಾರ. ಮೇಲೆ 40.000 ಅಂತಲೋ 20.000 ಅಂತಲೋ ಬರೆದಿರುತ್ತದೆ, ಅಷ್ಟು ಮೆಗಾಹರ್ಟ್ಸ್ ಅಂತ. ಚಿಪ್ಪಿನ ಇನ್ನೊಂದು ಬದಿಯಿಂದ ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳ ಸಾಲು ಆಂಟೆನಾ ಕಡೆ ಹೋಗುತ್ತದೆ. ಆಂಟೆನಾ ಅಂದರೆ ಬೋರ್ಡ್ ಮೇಲೇ ಬರೆದ ತಾಮ್ರದ ಅಂಕುಡೊಂಕು ಗೆರೆ ಇರಬಹುದು, ಇಲ್ಲಾ ಹೊರಗಿನ ಕಡ್ಡಿಗೆ ಒಂದು ಕನೆಕ್ಟರ್.

ಮೊದಲು ಸುಮ್ನೆ ನೋಡಿ. ಐದು ನಿಮಿಷ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಾಧನ) ಮುಟ್ಟಬೇಡಿ. ಸುಟ್ಟ ಗುರುತು ಇದೆಯಾ, ಕಿತ್ತುಹೋದ ಭಾಗದ ಖಾಲಿ ಜಾಗ ಇದೆಯಾ, ಬೆಸುಗೆಯ ಸುತ್ತ ಉಂಗುರದಂಥ ಗೆರೆ ಇದೆಯಾ? ಕರಾವಳಿಯಂಥ ಉಪ್ಪುಗಾಳಿಯ ಊರುಗಳಲ್ಲಿ ಇದ್ದ ಬೋರ್ಡಾದರೆ ಹಸಿರು ಕಿಲುಬು ಹುಡುಕಿ. ಕಿಲುಬು ಕಂಡರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ ಇನ್ನೊಮ್ಮೆ ಪ್ರಯತ್ನಿಸಿ. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಖಾಲಿ ಜಾಗ ಕಂಡ ಮಾತ್ರಕ್ಕೆ ಭಾಗ ಬಿದ್ದುಹೋಗಿದೆ ಅಂದುಕೊಳ್ಳಬೇಡಿ. ಕಂಪನಿಯವರೇ ಖಾಲಿ ಬಿಟ್ಟ ಜಾಗಗಳು ಬಹಳ ಇರುತ್ತವೆ. ಡಾಂಗಲ್ ಹಿಂದೆ ಎಫ್‌ಸಿಸಿ ಐಡಿ ಅಚ್ಚಾಗಿದ್ದರೆ ರೇಡಿಯೋ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಸಿಸಿ ಸಂಸ್ಥೆಯ ಜಾಲತಾಣದಲ್ಲಿ ಅದನ್ನು ಹುಡುಕಿ. ಅನುಮತಿಗೆ ಸಲ್ಲಿಸಿದ ಒಳಭಾಗದ ಫೋಟೋಗಳು ಸಾಮಾನ್ಯವಾಗಿ ಅಲ್ಲಿ ಸಿಗುತ್ತವೆ. ಸರಿಯಿರುವ ಬೋರ್ಡ್ ಹೇಗಿರುತ್ತದೆ ಅಂತ ಪಕ್ಕದಲ್ಲಿಟ್ಟು ಹೋಲಿಸಬಹುದು. ನನಗೆ ಇದು ಮೀಟರಿಗಿಂತ ಜಾಸ್ತಿ ಸಲ ನೆರವಾಗಿದೆ.

ಚುಚ್ಚಿದರೆ ಸದ್ದೇ ಇಲ್ಲ

ಕಂಪ್ಯೂಟರ್ ಟಣ್ ಅನ್ನಲಿಲ್ಲ, ಡಿವೈಸ್ ಮ್ಯಾನೇಜರಿನಲ್ಲಿ (ವಿಂಡೋಸ್ ತೋರಿಸುವ ಸಾಧನಗಳ ಪಟ್ಟಿ) ಏನೂ ಬದಲಾಗಲಿಲ್ಲ. ಹಾಗಾದರೆ ಡಾಂಗಲ್ ಮೊದಲ ಮೆಟ್ಟಿಲಲ್ಲೇ ನಿಂತಿದೆ. ಎಲ್ಇಡಿ ಹತ್ತಲಿಲ್ಲ ಅನ್ನೋದನ್ನು ಮಾತ್ರ ಸಾಕ್ಷಿ ಮಾಡಿಕೊಳ್ಳಬೇಡಿ. ಹೆಚ್ಚಿನ ಡಾಂಗಲ್‌ಗಳಲ್ಲಿ ಎಲ್ಇಡಿಯನ್ನು ಹತ್ತಿಸುವುದು ಚಿಪ್, ಅದೂ ಡ್ರೈವರ್ ಹೇಳಿದ ಮೇಲೆ.

ಇಲ್ಲಿ ಮೊದಲ ಅಳತೆಯನ್ನು ಡಾಂಗಲ್ ಹೊರಗಿಟ್ಟೇ ಮಾಡಬೇಕು. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಪ್ಲಗ್ಗಿನ 5 ವೋಲ್ಟ್ ಕಾಲಿನಿಂದ ಗ್ರೌಂಡಿಗೆ ಅಳೆಯಿರಿ. ಸರಿಯಿರುವ ಬೋರ್ಡಿನಲ್ಲಿ ಅಂಕಿ ನಿಧಾನವಾಗಿ ಏರುತ್ತಾ ಸಾವಿರಗಟ್ಟಲೆ ಓಮ್ ಕಡೆ ಹೋಗುತ್ತದೆ, ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗ) ತುಂಬಿಕೊಳ್ಳುವ ಲಕ್ಷಣ ಅದು. ಒಂದೆರಡು ಓಮ್‌ನಲ್ಲೇ ನಿಂತರೆ ಶಾರ್ಟ್. ಅಂಥದ್ದನ್ನು ಲ್ಯಾಪ್‌ಟಾಪಿಗೆ ಚುಚ್ಚಲೇಬೇಡಿ. ಪೋರ್ಟ್ ತನ್ನನ್ನು ತಾನು ಕಾಪಾಡಿಕೊಳ್ಳುವ ಹಾಗೆ ಮಾಡಿರುತ್ತಾರೆ ನಿಜ, ಆದರೆ ಮದರ್‌ಬೋರ್ಡಿನ ಬೆಲೆಯ ಮುಂದೆ ಈ ಡಾಂಗಲ್ಲಿನ ಬೆಲೆ ಎಷ್ಟು?

ಶಾರ್ಟ್ ಇಲ್ಲ ಅಂತಾದರೆ ಫೋನ್ ಚಾರ್ಜರಿಗೆ ಚುಚ್ಚಿ. ಪವರ್ ಬ್ಯಾಂಕ್ ಬೇಡ, ಕರೆಂಟ್ ಕಡಿಮೆ ಎಳೆದರೆ ಕೆಲವು ಪವರ್ ಬ್ಯಾಂಕ್ ತಾವಾಗೇ ಆಫ್ ಆಗಿಬಿಡುತ್ತವೆ. ಈಗ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಎರಡು ಕಡೆ ಅಳೆಯಿರಿ. ರೆಗ್ಯುಲೇಟರಿಗೆ ಒಳಬರುವ ಕಡೆ 5 ವೋಲ್ಟ್ ಇರಬೇಕು. ಹೊರಹೋಗುವ ಕಡೆ 3.3 ವೋಲ್ಟ್. ಒಳಗೇ 5 ಬಂದಿಲ್ಲದಿದ್ದರೆ ಪ್ಲಗ್ಗಿನ ಬೆಸುಗೆ ಅಥವಾ ಫೆರೈಟ್ ಬೀಡ್ ತುಂಡಾಗಿದೆ. ಒಳಗೆ 5 ಇದ್ದು ಹೊರಗೆ ಸೊನ್ನೆ ಇದ್ದರೆ ರೆಗ್ಯುಲೇಟರ್ ಸತ್ತಿರಬಹುದು. ಆದರೆ ತಕ್ಷಣ ಅದನ್ನೇ ದೂರಬೇಡಿ. ಮುಂದೆ ಎಲ್ಲೋ ಶಾರ್ಟ್ ಇದ್ದರೂ ರೆಗ್ಯುಲೇಟರ್ ಕೈಚೆಲ್ಲಿ ಕೂರುತ್ತದೆ. ಚಾರ್ಜರಿನಿಂದ ತೆಗೆದು 3.3 ವೋಲ್ಟಿನ ಸಾಲಿನಿಂದ ಗ್ರೌಂಡಿಗೆ ಓಮ್ ನೋಡಿದರೆ ಯಾವುದು ನಿಜ ಅಂತ ತಿಳಿಯುತ್ತದೆ.

3.3ರ ಸಾಲಿನಲ್ಲಿ ಶಾರ್ಟ್ ಇದ್ದರೆ ಸಾಮಾನ್ಯವಾಗಿ ಸಿಕ್ಕಿಬೀಳುವುದು ಕಂದು ಬಣ್ಣದ ಪುಟ್ಟ ಸೆರಾಮಿಕ್ ಕೆಪಾಸಿಟರ್. ಬೋರ್ಡ್ ಬಾಗಿದಾಗ ಅದರೊಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟು ಒಳಗಿನ ಪದರಗಳು ಒಂದಕ್ಕೊಂದು ತಾಗುತ್ತವೆ. ಹತ್ತು ಕೆಪಾಸಿಟರ್ ಇದ್ದರೆ ಯಾವುದು ಅಂತ ಹೇಗೆ ಹುಡುಕೋದು? ಬೆಂಚ್ ಪವರ್ ಸಪ್ಲೈ (ಬೇಕಾದಷ್ಟು ವೋಲ್ಟೇಜ್ ಕೊಡುವ ಸಾಧನ) ಇದ್ದವರು 1 ವೋಲ್ಟಿಗೆ ಇಟ್ಟು, ಕರೆಂಟ್ ಮಿತಿ ಹಾಕಿ, ಆ ಸಾಲಿಗೆ ಕೊಡುತ್ತಾರೆ. ಬೋರ್ಡ್ ಮೇಲೆ ತೆಳ್ಳಗೆ ಆಲ್ಕೋಹಾಲ್ ಸವರುತ್ತಾರೆ. ಎಲ್ಲಿ ಮೊದಲು ಆರುತ್ತದೋ ಅಲ್ಲಿ ಬಿಸಿ ಇದೆ, ಅಲ್ಲೇ ಶಾರ್ಟ್. ದೊಡ್ಡ ಚಿಪ್ಪಿನ ಮೇಲೇ ಮೊದಲು ಆರಿದರೆ ಅಲ್ಲಿಗೆ ನಿಲ್ಲಿಸಿ. ಆ ಚಿಪ್ಪಿಗೆ ಹೊರಗೆ ಚಾಚಿದ ಕಾಲುಗಳಿಲ್ಲ, ಹೊಟ್ಟೆಯ ಕೆಳಗೇ ದೊಡ್ಡ ಬೆಸುಗೆ ಇರುತ್ತದೆ. ಬಿಸಿಗಾಳಿ ಯಂತ್ರ ಇಲ್ಲದೆ ಬದಲಿಸಲಾಗದು. ಬದಲಿಸಿದರೂ ಹೊಸ ಡಾಂಗಲ್ಲಿಗಿಂತ ಖರ್ಚು ಜಾಸ್ತಿ.

ಇನ್ನು ವೋಲ್ಟೇಜ್ ಎಲ್ಲ ಸರಿ ಇದ್ದೂ ಕಂಪ್ಯೂಟರ್ ಮೌನವಾಗಿದ್ದರೆ? ಇಲ್ಲಿ ಯುಎಸ್‌ಬಿಯ ಒಂದು ಸೊಗಸಾದ ವ್ಯವಸ್ಥೆ ತಿಳಿದಿರಬೇಕು. ಏನೋ ಬಂದು ಸೇರಿತು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಡಾಂಗಲ್ಲಿನ ಚಿಪ್ ತನ್ನೊಳಗಿನ ಸುಮಾರು 1,500 ಓಮ್‌ನ ರೆಸಿಸ್ಟರ್ ಮೂಲಕ ಡಿ ಪ್ಲಸ್ ತಂತಿಯನ್ನು 3.3 ವೋಲ್ಟ್ ಕಡೆ ಎಳೆಯುತ್ತದೆ. ಆ ತಂತಿ ಮೇಲೆದ್ದದ್ದನ್ನು ಕಂಡು ಕಂಪ್ಯೂಟರ್ "ಯಾರೋ ಬಂದರು" ಅಂದುಕೊಳ್ಳುತ್ತದೆ. ಇದು ಬಾಗಿಲು ತಟ್ಟಿದ ಹಾಗೆ. ಡಿ ಪ್ಲಸ್ ತುಂಡಾಗಿದ್ದರೆ ಬಾಗಿಲು ತಟ್ಟಿದ್ದೇ ಕೇಳಿಸುವುದಿಲ್ಲ, ಒಳಗೆ ಎಲ್ಲ ಸರಿಯಿದ್ದರೂ ಪೂರ್ತಿ ಮೌನ. ಡಿ ಮೈನಸ್ ತುಂಡಾಗಿದ್ದರೆ ತಟ್ಟಿದ್ದು ಕೇಳಿಸುತ್ತದೆ, ಮಾತು ಮಾತ್ರ ಅರ್ಥವಾಗುವುದಿಲ್ಲ. ಒಂದೇ ಜೋಡಿ ತಂತಿ, ಎರಡು ಬೇರೆ ಬೇರೆ ಲಕ್ಷಣ.

ತಟ್ಟಿತು, ಆದರೆ ಹೆಸರು ಹೇಳಲಿಲ್ಲ

ವಿಂಡೋಸ್‌ನಲ್ಲಿ ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್ ಅಂತ ಬರುತ್ತದೆ. ಕೋಡ್ 43 ಅಂತ ಕಾಣುತ್ತದೆ. ಲಿನಕ್ಸ್ ಲಾಗ್‌ನಲ್ಲಿ ಎರರ್ ಮೈನಸ್ 71 ಅಥವಾ ಮೈನಸ್ 110 ಇರುತ್ತದೆ. ಮೈನಸ್ 71 ಅಂದರೆ ಮಾತು ಕೆಟ್ಟು ಬಂತು ಅಂತ. ಮೈನಸ್ 110 ಅಂದರೆ ಕಾದು ಕಾದು ಉತ್ತರವೇ ಬರಲಿಲ್ಲ ಅಂತ.

ಈ ಸಂದೇಶ ನೋಡಿ ಡ್ರೈವರ್ ಹುಡುಕುತ್ತಾ ಹೋಗುವವರನ್ನು ಕಂಡಾಗ ನನಗೆ ನಿಜವಾಗಿ ಬೇಜಾರಾಗುತ್ತದೆ. ಡಾಂಗಲ್ ತನ್ನ ಹೆಸರನ್ನೇ ಹೇಳಿಲ್ಲ. ಯಾವ ಡ್ರೈವರ್ ಬೇಕು ಅಂತ ಕಂಪ್ಯೂಟರಿಗೇ ಇನ್ನೂ ಗೊತ್ತಿಲ್ಲ. ಬೇರೆ ಪೋರ್ಟ್, ಬೇರೆ ಕಂಪ್ಯೂಟರಿನಲ್ಲೂ ಇದೇ ಬಂದರೆ ಸಮಸ್ಯೆ ಬೋರ್ಡಿನಲ್ಲಿದೆ.

ಮೊದಲು ಡೇಟಾ ತಂತಿಗಳು. ಮೀಟರನ್ನು ಡಯೋಡ್ ಗುರುತಿಗೆ ಇಡಿ. ಡಾಂಗಲ್ ಹೊರಗಿರಲಿ. ಕೆಂಪು ಕಡ್ಡಿ ಗ್ರೌಂಡಿಗೆ, ಕಪ್ಪು ಕಡ್ಡಿ ಒಂದು ಡೇಟಾ ಕಾಲಿಗೆ. ಉಲ್ಟಾ ಅನ್ನಿಸಬಹುದು, ಅಳೆಯುವುದೇ ಹೀಗೆ. ಚಿಪ್ಪಿನ ಒಳಗಿನ ರಕ್ಷಣೆಯ ಡಯೋಡ್ ಮೂಲಕ 0.4ರಿಂದ 0.8ರ ಒಳಗೆ ಏನೋ ಒಂದು ಅಂಕಿ ಬರುತ್ತದೆ. ಅಂಕಿ ಎಷ್ಟು ಅನ್ನೋದು ಮುಖ್ಯ ಅಲ್ಲ. ಎರಡೂ ಡೇಟಾ ಕಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಏನೂ ಬರದಿದ್ದರೆ ಆ ತಂತಿ ದಾರಿಯಲ್ಲೆಲ್ಲೋ ತುಂಡಾಗಿದೆ, ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲೇ. ಒಂದರಲ್ಲಿ ಸೊನ್ನೆ ಬಂದರೆ ಗ್ರೌಂಡಿಗೆ ತಾಗಿದೆ.

ಎರಡೂ ಸರಿಯಿದ್ದರೆ ಕ್ರಿಸ್ಟಲ್ ಮೇಲೆ ಅನುಮಾನ ಪಡಿ. ಡಬ್ಬಿಯೊಳಗೆ ತೆಳ್ಳನೆಯ ಸ್ಫಟಿಕದ ಬಿಲ್ಲೆ ಇರುತ್ತದೆ. ಡಾಂಗಲ್ ಕೆಳಗೆ ಬಿದ್ದರೆ ಅದು ಸೀಳಬಹುದು, ಹೊರಗಿಂದ ಏನೂ ಕಾಣಿಸದು. ಸಾದಾ ಮೀಟರಿನಿಂದ ಇದನ್ನು ಪರೀಕ್ಷೆ ಮಾಡೋಕಾಗಲ್ಲ. ಕಡ್ಡಿ ತಾಗಿಸಿದರೆ ಓಡುತ್ತಿರುವ ಕ್ರಿಸ್ಟಲ್ಲೇ ನಿಂತುಹೋಗಬಹುದು. ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆಯಲ್ಲಿ ತೋರಿಸುವ ಸಾಧನ) ಬೇಕು, ಅದೂ ಹತ್ತು ಪಟ್ಟಿನ ಪ್ರೋಬ್ ಹಾಕಿ. ಅದಿಲ್ಲದವರು ಅದೇ ಅಂಕಿ ಬರೆದ ಕ್ರಿಸ್ಟಲ್ಲನ್ನು ಇನ್ನೊಂದು ಸತ್ತ ಡಾಂಗಲ್ಲಿನಿಂದ ತೆಗೆದು ಹಾಕಿ ನೋಡುತ್ತಾರೆ. ಅದಕ್ಕೇ ನಾನು ಕೆಟ್ಟ ಡಾಂಗಲ್ ಎಸೆಯುವುದಿಲ್ಲ, ಒಂದು ಡಬ್ಬಿ ತುಂಬಾ ಇವೆ.

ಕ್ರಿಸ್ಟಲ್ ಪೂರ್ತಿ ಸಾಯದೆ ಸ್ವಲ್ಪ ದಾರಿ ತಪ್ಪಿದರೆ ಇನ್ನೂ ವಿಚಿತ್ರ ಲಕ್ಷಣ ಬರುತ್ತದೆ. ಯುಎಸ್‌ಬಿ 2.0ರ ವೇಗದ ಮಾತುಕತೆಗೆ ಗಡಿಯಾರ ಹತ್ತು ಲಕ್ಷದಲ್ಲಿ 500 ಭಾಗದಷ್ಟು ಆಚೀಚೆ ಇದ್ದರೂ ನಡೆಯುತ್ತದೆ. ವೈಫೈಗೆ ಬರೀ 20ರಿಂದ 25 ಭಾಗ ಮಾತ್ರ. ಎರಡಕ್ಕೂ ಸಾಮಾನ್ಯವಾಗಿ ಅದೇ ಒಂದು ಕ್ರಿಸ್ಟಲ್. ಹಾಗಾಗಿ ಗಡಿಯಾರ 200 ಭಾಗ ತಪ್ಪಿದರೆ ಡಾಂಗಲ್ ಚೆನ್ನಾಗೇ ಗುರುತಾಗುತ್ತದೆ, ಡ್ರೈವರ್ ಕೂರುತ್ತದೆ, ಎಲ್ಇಡಿ ಮಿನುಗುತ್ತದೆ, ಆದರೆ ಒಂದು ನೆಟ್‌ವರ್ಕೂ ಹತ್ತುವುದಿಲ್ಲ. 6ನೇ ಚಾನೆಲ್ 2,437 ಮೆಗಾಹರ್ಟ್ಸ್‌ನಲ್ಲಿದೆ. ಅದರಲ್ಲಿ 20 ಭಾಗ ಅಂದರೆ ಸುಮಾರು 49 ಕಿಲೋಹರ್ಟ್ಸ್. 200 ಭಾಗ ಅಂದರೆ 490 ಕಿಲೋಹರ್ಟ್ಸ್, ರೂಟರ್ ಅಷ್ಟು ದೂರದ ತಪ್ಪನ್ನು ತಿದ್ದಿಕೊಂಡು ಕೇಳುವುದಿಲ್ಲ.

ಹೆಸರು ಹೇಳಿತು, ಕೆಲಸ ಮಾಡಲಿಲ್ಲ

ಡಿವೈಸ್ ಮ್ಯಾನೇಜರಿನ ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ಕಾಣಿಸಿದರೆ ಖುಷಿಪಡಿ. ಕರೆಂಟ್, ಗಡಿಯಾರ, ಡೇಟಾ ತಂತಿ ಎಲ್ಲ ತಮ್ಮ ಕೆಲಸ ಮಾಡಿವೆ ಅಂತ ಅರ್ಥ. ಈಗ ಡ್ರೈವರ್ ಬಗ್ಗೆ ಯೋಚಿಸುವ ಸಮಯ.

ಐಡಿಯಲ್ಲಿ ಎರಡು ಭಾಗ, ಒಂದು ತಯಾರಕರದು, ಒಂದು ಮಾದರಿಯದು. 0ಬಿಡಿಎ ಅಂತ ಶುರುವಾದರೆ ರಿಯಲ್‌ಟೆಕ್ ಚಿಪ್. 148ಎಫ್ ಅಂದರೆ ರಾಲಿಂಕ್, ಅದು ಈಗ ಮೀಡಿಯಾಟೆಕ್ ಕಂಪನಿಯ ಭಾಗ. ಐಡಿ ಅರ್ಥವಾಗದಿದ್ದರೆ ಚಿಪ್ ಮೇಲಿನ ಅಕ್ಷರಗಳನ್ನೇ ಓದಿ. ಡಬ್ಬದ ಮೇಲಿನ ಹೆಸರನ್ನು ನಂಬಿ ಡ್ರೈವರ್ ಇಳಿಸಬೇಡಿ. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಆವೃತ್ತಿಯಲ್ಲಿ ಅಥೆರೋಸ್ ಕಂಪನಿಯ ಎಆರ್9271 ಚಿಪ್ ಇತ್ತು. ಎರಡನೇ ಆವೃತ್ತಿಯಿಂದ ರಿಯಲ್‌ಟೆಕ್‌ನ ಆರ್‌ಟಿಎಲ್8188ಇಯುಎಸ್ ಬಂತು. ಹೊರಗಿನ ಹೆಸರು ಒಂದೇ, ಒಳಗೆ ಎರಡು ಬೇರೆ ಬೇರೆ ಜೀವ. ಹೀಗಿರುವಾಗ ಬೋರ್ಡ್ ನೋಡಿದವರಿಗೆ ಮಾತ್ರ ಸತ್ಯ ಗೊತ್ತು.

ಇನ್ನೊಂದು ಗೊಂದಲ ನೋಡಿ. ಕೆಲವು ಹೊಸ ಡಾಂಗಲ್‌ಗಳು ಚುಚ್ಚಿದ ತಕ್ಷಣ ವೈಫೈ ಆಗಿ ಬರುವುದೇ ಇಲ್ಲ, ಸಿಡಿ ಡ್ರೈವ್ ಆಗಿ ಬರುತ್ತವೆ. ಒಳಗೇ ಡ್ರೈವರ್ ಇಟ್ಟುಕೊಂಡಿರುತ್ತವೆ. ರಿಯಲ್‌ಟೆಕ್ ಚಿಪ್‌ಗಳಲ್ಲಿ ಆಗ ಐಡಿ 0ಬಿಡಿಎ:1ಎ2ಬಿ ಅಂತ ಕಾಣುತ್ತದೆ. ವಿಂಡೋಸ್‌ನಲ್ಲಿ ಆ ಡ್ರೈವ್ ತೆರೆದು ಡ್ರೈವರ್ ಹಾಕಿದರೆ ವೈಫೈ ಆಗಿ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ರೋಗ್ರಾಮ್ ಆ ಕೆಲಸ ಮಾಡುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಡಾಂಗಲ್ಲನ್ನೇ ಕೆಟ್ಟಿದೆ ಅಂತ ವಾಪಸ್ ಮಾಡಿದವರಿದ್ದಾರೆ.

ಕಿವಿ ಮಂದ

ಎಲ್ಲ ಸರಿ, ಆದರೆ ರೂಟರ್ ಪಕ್ಕ ಕೂತರೆ ಮಾತ್ರ ಸಿಗ್ನಲ್. ಹಾಗಾದರೆ ತೊಂದರೆ ಚಿಪ್ಪಿನಿಂದ ಆಂಟೆನಾ ತನಕದ ಆ ಒಂದೆರಡು ಸೆಂಟಿಮೀಟರಿನಲ್ಲಿದೆ.

ಹೊರಗಿನ ಕಡ್ಡಿ ಇರುವ ಡಾಂಗಲ್ಲಿನಲ್ಲಿ ಮೊದಲು ಕನೆಕ್ಟರ್ ನೋಡಿ. ಕಡ್ಡಿಯನ್ನು ದಿನಾ ಆ ಕಡೆ ಈ ಕಡೆ ತಿರುಗಿಸುತ್ತೇವೆ. ಆ ಬಲವೆಲ್ಲ ಬೋರ್ಡಿನ ಮೇಲಿನ ಒಂದು ಪುಟ್ಟ ಬೆಸುಗೆಗೆ ಬೀಳುತ್ತದೆ, ನಡುವಿನ ಪಿನ್ ಬಿಟ್ಟುಕೊಳ್ಳುತ್ತದೆ. ಬೇರೆ ಕಡ್ಡಿ ಕೊಂಡು ಹಾಕಿದ್ದರೆ ಇನ್ನೊಂದು ವಿಷಯವನ್ನೂ ನೋಡಿ. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಅಂತ ಎರಡು ಬಗೆ ಇವೆ. ತಿರುಪು ಎರಡಕ್ಕೂ ಒಂದೇ. ವೈಫೈ ಸಾಧನಗಳಲ್ಲಿ ಹೆಚ್ಚಾಗಿ ಇರುವುದು ಆರ್‌ಪಿ ಬಗೆ, ಅದರಲ್ಲಿ ನಡುವಿನ ಪಿನ್ ಮತ್ತು ತೂತು ಅದಲುಬದಲಾಗಿರುತ್ತವೆ. ತಪ್ಪು ಜೋಡಿ ಹಾಕಿದರೆ ಒಂದೋ ಎರಡು ಪಿನ್‌ಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ, ಇಲ್ಲಾ ತಿರುಪು ಗಟ್ಟಿಯಾಗಿ ಕೂತರೂ ನಡುವೆ ಎರಡು ತೂತುಗಳು ಎದುರುಬದುರು. ತೂತುಗಳು ಎದುರಾದರೆ ಸಂಪರ್ಕವೇ ಇಲ್ಲ.

ಬೋರ್ಡಿನ ಮೇಲಿನ ತಾಮ್ರದ ಆಂಟೆನಾ ಅಪರೂಪಕ್ಕೆ ಕೆಡುತ್ತದೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ ಸುಮಾರು 12.5 ಸೆಂಟಿಮೀಟರ್. ಅದರ ಕಾಲು ಭಾಗ 3 ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ. ಅಷ್ಟು ಉದ್ದವನ್ನು ಚಿಕ್ಕ ಜಾಗದಲ್ಲಿ ಹಿಡಿಸಲು ಗೆರೆಯನ್ನು ಅಂಕುಡೊಂಕು ಮಾಡುತ್ತಾರೆ. ಮೀಟರಿನಲ್ಲಿ ಈ ಆಂಟೆನಾ ಗ್ರೌಂಡಿಗೆ ಶಾರ್ಟ್ ಅಂತ ಬೀಪ್ ಬಂದರೆ ಗಾಬರಿ ಬೀಳಬೇಡಿ. ಈ ಬಗೆಯ ಹಲವು ಆಂಟೆನಾಗಳಲ್ಲಿ ಒಂದು ಕಾಲನ್ನು ಬೇಕಂತಲೇ ಗ್ರೌಂಡಿಗೆ ಸೇರಿಸಿರುತ್ತಾರೆ. ಮೀಟರಿನ ಕರೆಂಟಿಗೆ ಅದು ಶಾರ್ಟ್, ರೇಡಿಯೋ ಅಲೆಗೆ ಅಲ್ಲ. ಆ ಬೀಪ್ ಕೇಳಿ ಗೆರೆಯನ್ನು ಬ್ಲೇಡಿನಿಂದ ಕೊಯ್ದ ಒಂದು ಬೋರ್ಡ್ ನನ್ನ ಕೈಗೆ ಬಂದಿತ್ತು. ಕೊಯ್ದ ಜಾಗಕ್ಕೆ ಸೋಲ್ಡರ್ ಹಾಕಿ ಮತ್ತೆ ಸೇರಿಸಿದಾಗ ಸಿಗ್ನಲ್ ಬಂತು.

ಅಕ್ಕನ ಮಗನ ಡಾಂಗಲ್

ಅವನ ಡಾಂಗಲ್ ಬಿಚ್ಚಿ ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಹಾಕಿದೆ. 3.3 ವೋಲ್ಟ್ ಅಳೆದೆ, ಸರಿಯಾಗಿ 3.3 ಇತ್ತು. ಕನೆಕ್ಟ್ ಒತ್ತಿಸಿದೆ. ಡಾಂಗಲ್ ಮಾಯವಾಗುವ ತನಕ ಮೀಟರ್ 3.3ರಿಂದ ಕದಲಲಿಲ್ಲ. ಒಂದು ಕ್ಷಣ ನನ್ನ ಲೆಕ್ಕವೇ ತಪ್ಪಾಯಿತಾ ಅನ್ನಿಸಿತು.

ಆಮೇಲೆ ಹೊಳೆಯಿತು. ನಾನು ಕಪ್ಪು ಕಡ್ಡಿಯನ್ನು ಬೋರ್ಡಿನದೇ ಗ್ರೌಂಡಿಗೆ ಇಟ್ಟಿದ್ದೆ. ಆ ಗ್ರೌಂಡೇ ಮೇಲೇಳುತ್ತಿದ್ದರೆ? ದೋಣಿಯಲ್ಲಿ ಕೂತು ದೋಣಿಯ ಅಂಚಿನಿಂದ ಅಳೆದರೆ ನೀರು ಏರಿದ್ದು ಗೊತ್ತಾಗುವುದಿಲ್ಲ. ಕಪ್ಪು ಕಡ್ಡಿಯನ್ನು ತೆಗೆದು ಕೇಬಲ್ಲಿನ ಕಡೆಯ ಲೋಹದ ಕವಚಕ್ಕೆ ಒತ್ತಿದೆ, ಕೆಂಪು ಕಡ್ಡಿಯನ್ನು ರೆಗ್ಯುಲೇಟರಿನ ಗ್ರೌಂಡ್ ಕಾಲಿಗೆ. ಎರಡೂ ಗ್ರೌಂಡೇ, ನಡುವೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಸುಮ್ನಿದ್ದಾಗಲೇ 0.1 ವೋಲ್ಟ್ ತೋರಿಸಿತು. ಕನೆಕ್ಟ್ ಒತ್ತಿದಾಗ 0.4ಕ್ಕೆ ಹಾರಿತು, ಡಾಂಗಲ್ ಮಾಯ.

ಭೂತಗನ್ನಡಿಯಲ್ಲಿ ಪ್ಲಗ್ಗಿನ ಬುಡ ನೋಡಿದೆ. ಕವಚದ ಒಂದು ದಪ್ಪ ಕಾಲು ಬೆಸುಗೆಯಿಂದ ಪೂರ್ತಿ ಕಿತ್ತಿತ್ತು. ಇನ್ನೊಂದರ ಸುತ್ತ ಬಳೆಯಂಥ ತೆಳ್ಳನೆ ಗೆರೆ. ಗ್ರೌಂಡ್ ಪಿನ್ನಿನ ಬೆಸುಗೆಯಲ್ಲೂ ಅಂಥದ್ದೇ ಕಪ್ಪು ಉಂಗುರ. ಹಲ್ಲುಕಡ್ಡಿಯಿಂದ ಪಿನ್ ತಳ್ಳಿದರೆ ಕೂದಲೆಳೆಯಷ್ಟು ಅಲ್ಲಾಡಿತು. ಕಂಪ್ಯೂಟರ್ ಡಬ್ಬ ಮೇಜಿನ ಕೆಳಗೆ, ಡಾಂಗಲ್ ಮುಂದಿನ ಪೋರ್ಟಿನಲ್ಲಿ. ಎದ್ದು ಕೂರುವಾಗೆಲ್ಲ ಮೊಣಕಾಲು ತಗಲುತ್ತಿತ್ತಂತೆ.

ಲೆಕ್ಕ ಸರಳ. ಬಿರುಕಿನಲ್ಲಿ ಒಂದೂವರೆ ಓಮ್‌ನಷ್ಟು ತಡೆ ಇದ್ದರೆ, 300 ಮಿಲಿಆಂಪ್ ಹರಿದಾಗ 0.45 ವೋಲ್ಟ್ ಅಲ್ಲೇ ಬೀಳುತ್ತದೆ. ಬೋರ್ಡಿನ ಗ್ರೌಂಡ್ ಅಷ್ಟು ಮೇಲೇಳುತ್ತದೆ. ಯುಎಸ್‌ಬಿ 2.0ರ ವೇಗದ ಡೇಟಾ ಸಿಗ್ನಲ್ಲಿನ ಎತ್ತರವೇ ಬರೀ 0.4 ವೋಲ್ಟ್. ನೆಲವೇ ಅಷ್ಟು ಅಲುಗಾಡಿದರೆ ಮಾತು ಅರ್ಥವಾಗೋದು ಹೇಗೆ? ಸುಮ್ನೆ ಕೇಳುವಾಗ ಕರೆಂಟ್ ಕಡಿಮೆ, ಅಲುಗಾಟವೂ ಕಡಿಮೆ. ಅದಕ್ಕೇ ಹೆಸರುಗಳು ಕಾಣುತ್ತಿದ್ದವು.

ಮೂರೂ ಜಾಗಕ್ಕೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಲೇಪ) ಹಚ್ಚಿ, 350 ಡಿಗ್ರಿಗೆ ಇಟ್ಟ ಐರನ್‌ನಿಂದ ಹಳೇ ಬೆಸುಗೆ ಕರಗಿಸಿ, ಹೊಸ ಸೋಲ್ಡರ್ ಕೊಟ್ಟೆ. ಮೊದಲು ಕವಚದ ಕಾಲುಗಳು, ಆಮೇಲೆ ಪಿನ್. ಕವಚ ಗಟ್ಟಿಯಾಗಿ ಕೂತ ಮೇಲೆ ಪಿನ್ ಮಾಡಿದರೆ ಹೊಸ ಬೆಸುಗೆಯ ಮೇಲೆ ಎಳೆತ ಉಳಿಯುವುದಿಲ್ಲ. ಕವಚದ ಲೋಹ ದಪ್ಪ, ಬಿಸಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಅಗಲ ತುದಿಯ ಐರನ್ ಬೇಕು. ಚೂಪು ತುದಿಯಿಂದ ಮಾಡಿದರೆ ಮೇಲೆ ಮಾತ್ರ ಹೊಳೆಯುತ್ತದೆ, ಒಳಗೆ ಹಿಡಿಯುವುದಿಲ್ಲ. ಐರನ್, ಫ್ಲಕ್ಸ್, ಮೀಟರ್ ಯಾವುದೂ ದುಬಾರಿಯಲ್ಲ. ಬೆಂಗಳೂರಿನವರಾದರೆ ಎಸ್.ಪಿ. ರೋಡಿಗೆ ಒಂದು ಸುತ್ತು ಹೋದರೆ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ.

ಆಲ್ಕೋಹಾಲ್ ಹಾಕಿ ಫ್ಲಕ್ಸ್ ಒರೆಸಿ ಮತ್ತೆ ಅಳೆದೆ. ಎರಡು ಗ್ರೌಂಡಿನ ನಡುವೆ ಮೀಟರ್ 0.01 ತೋರಿಸಿತು. ಕನೆಕ್ಟ್ ಒತ್ತಿದಾಗಲೂ 0.02 ದಾಟಲಿಲ್ಲ. ಹುಡುಗನಿಗೆ ಡಾಂಗಲ್ ವಾಪಸ್ ಕೊಡುವಾಗ ಅರ್ಧ ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ಲನ್ನೂ ಜೊತೆಗೆ ಕೊಟ್ಟೆ. ಈಗ ಡಾಂಗಲ್ ಮೇಜಿನ ಮೇಲೆ, ಮಾನಿಟರ್ ಪಕ್ಕ ನಿಂತಿದೆ. ಅಲ್ಲಿಗೆ ಮೊಣಕಾಲು ತಲುಪುವುದಿಲ್ಲ.